ಬಾಯಿಲ್ಲದ ಜರಿ

ಗಡಹಿಂಗ್ಲಜ
೮ ನವೆಂಬರ್ ೧೯೫೮

ತೀರ್ಥರೂಪ ಮಾಮಾನಿಗೆ,
ಚನ್ನಿಯ ಶರಣು.

ಇವತ್ತು ಬೆಳಿಗ್ಗೆ ಬಚ್ಚಲ ಕಲ್ಲಿನಲ್ಲಿ ಒಂದು ಜರಿ ಕಂಡಿತು. ಅದು ಸತ್ತಿರಲಿಲ್ಲ, ಬದುಕಿರಲೂ ಇಲ್ಲ.

ನಾಳೆ ನೀರು ತುಂಬುವ ಹಬ್ಬವೆಂದು ಆಯಿ ನನ್ನನ್ನು ಬಚ್ಚಲು ತಿಕ್ಕಲು ಕೂರಿಸಿದ್ದಳು. ಬಿ.ಎ. ಮುಗಿಸಿ ಬಂದ ಮೇಲೆ ಈ ಮನೆಯಲ್ಲಿ ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಮಳೆಗಾಲದ ಪಾಚಿ, ಮೂಲೆಯಲ್ಲಿ ಕೂದಲಿನ ಉಂಡೆ, ಸೀಗೆಕಾಯಿಯ ಕಂದು ಲೋಳೆ. ನನಗೆ ಹೇಸಿಗೆ ಬೇಗ ಬರುತ್ತದೆಂದು ನಿನಗೆ ಗೊತ್ತು. ಉಸಿರು ಹಿಡಿದು ಇಟ್ಟಂಗಿ ತುಂಡಿನಿಂದ ತಿಕ್ಕಿದೆ. ನೀರು ಸುರಿದು ಎದ್ದಾಗ ಮೂಡಲ ಗೋಡೆಯ ಕಿಂಡಿಯಿಂದ ಬಿಸಿಲು ಓರೆಯಾಗಿ ಬಂದು ಒದ್ದೆ ಕಲ್ಲಿನ ಮೇಲೆ ಬಿತ್ತು. ಆಗ ಕಂಡಿತು. ಗೇಣುದ್ದ. ನಡುವೆ ಒಂದು ಗೆರೆ, ಎರಡೂ ಬದಿಗೆ ಓರೆಯಾದ ಗೀರುಗಳು.

ನಾನು ಕೂಗಿಕೊಂಡದ್ದಕ್ಕೆ ಆಯಿ ಓಡಿ ಬಂದಳು. "ಏ, ಜರಿ! ಅತ್ತಾಗ ಸರಿಯ ಹುಚ್ಚಿ, ಕಡದೀತು!" ಎಂದು ಕಸಬರಿಗೆ ತಿರುವಿ ಏಟಿನ ಮೇಲೆ ಏಟು ಹಾಕಿದಳು. ಜರಿ ಅಲುಗಲಿಲ್ಲ. ಬಗ್ಗಿ ನೋಡಿ, "ಅಯ್ಯ ಇದರ, ಕಲ್ಲಾಗ ಸೇರಿಕೊಂಡೈತಿ! ನಿಮ್ಮ ಮುತ್ಯಾ ತಂದ ಕಲ್ಲು, ಅವನ ಹಂಗ ಹಟಮಾರಿ" ಎಂದಳು.

ಸ್ವಲ್ಪ ಹೊತ್ತಿಗೆ ಬಿಸಿಲು ಮೇಲೇರಿತು, ಜರಿ ಮಾಯವಾಯಿತು. ಕಲ್ಲು ಮೊದಲಿನ ಹಾಗೆ ಕಲ್ಲಾಯಿತು.

ಮನೆ ಕಟ್ಟಿಸುವಾಗ ಮುತ್ಯಾ ಇದನ್ನು ಗೋಕಾಕದ ಕಡೆಯಿಂದ ಗಾಡಿಯಲ್ಲಿ ಹೇರಿಸಿ ತಂದದ್ದಂತೆ. ಸಣ್ಣವನಿದ್ದಾಗ ಮಗನಾದ ನಿನಗೂ ಆಯಿ ಇದರ ಮೇಲೆಯೇ ಕೂರಿಸಿ ಎರೆಯುತ್ತಿದ್ದಳು. ಹಾಗಾದರೆ ಮಾಮಾನಿಗೆ ಏಕೆ ಕಾಣಲಿಲ್ಲ ಎಂದು ಆಯಿಯನ್ನು ಕೇಳಿದೆ. "ಅಂವ ಕಣ್ಣ ಮುಚ್ಚಿಕೊಂಡು ಒದರಾಂವ. ಅವಗ ಏನ್ ಕಂಡೀತು?" ಎಂದಳು.

ಕೊಲ್ಹಾಪುರದ ಕಾಲೇಜಿನಲ್ಲಿ ಹುಡುಗರಿಗೆ ಕಲ್ಲಿನ ಪಾಠ ಹೇಳುವವನು ನೀನು. ಇದು ಏನೆಂದು ತಿಳಿಸು. ಹಬ್ಬಕ್ಕೂ ಬಾರದೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗುಡ್ಡ ತಿರುಗಲು ಹೊರಟಿದ್ದೀ ಎಂದು ಆಯಿಗೆ ಸಿಟ್ಟಿದೆ.

ಪಕ್ಕದ ಮನೆಯ ಮಾಣಿಕಬಾಯಿ ಈಗ ಹಾದುಹೋಗುತ್ತ, "ಗಂಡಗ ಪತ್ರ ಬರ್ಯಾಕತ್ತೀಯೇನ?" ಎಂದು ನಕ್ಕಳು. ನಾನು ತೊಟ್ಟಿಲಲ್ಲಿದ್ದಾಗ ಅವ್ವ ತನ್ನ ತಮ್ಮನಾದ ನಿನಗೇ ನನ್ನನ್ನು ಕೊಡುವೆನೆಂದು ಆಡಿದ ಮಾತನ್ನು, ಅವ್ವ ಹೋದರೂ, ಓಣಿ ಮರೆತಿಲ್ಲ. ಆಯಿ ಮಾತ್ರ ಗದರಿದಳು: "ತೀರ್ಥರೂಪ ಅಂತನ ಬರಿ. ಲಗ್ನ ಆಗೂತನಕ ಅಂವ ನಿನಗ ಮಾಮಾನ."

ಚನ್ನವ್ವ


ಕೊಲ್ಹಾಪುರ
೨೦ ನವೆಂಬರ್ ೧೯೫೮

ಚಿ. ಚನ್ನಿಗೆ ಆಶೀರ್ವಾದ.

ನಿನ್ನ ಪತ್ರ ಓದಿ ಒಬ್ಬನೇ ಕೂತು ನಕ್ಕೆ. ಸಾಹಿತ್ಯ ಓದಿದವರಿಗೆ ಬಚ್ಚಲ ಕಲ್ಲಿನಲ್ಲೂ ಗಿಡಬಳ್ಳಿ ಕಾಣುತ್ತವೆ.

ಜರಿಯ ಜಾತಿಯ ಗಿಡಗಳು ಭೂಮಿಯ ಮೇಲೆ ಬಂದದ್ದು ಬಹಳ ತಡವಾಗಿ. ಗೋಕಾಕದ ಕಡೆಯ ಹಾಸುಗಲ್ಲು ಅವುಗಳಿಗಿಂತ ಎಷ್ಟೋ ಹಳೆಯದು. ಅದು ಸಮುದ್ರದ ದಂಡೆಯ ಮರಳಾಗಿದ್ದ ಕಾಲದಲ್ಲಿ ನೆಲದ ಮೇಲೆ ಹುಲ್ಲಿರಲಿಲ್ಲ, ನೀರಿನಲ್ಲಿ ಮೀನಿರಲಿಲ್ಲ, ಒಂದು ಸಿಂಪಿ ಕೂಡ ಇರಲಿಲ್ಲ. ಕಲ್ಲಿನ ಸೀಳಿನಲ್ಲಿ ಮ್ಯಾಂಗನೀಸ್ ಕೂಡಿದ ನೀರು ಇಳಿದರೆ ಗಿಡದ ಚಿತ್ರ ಬರೆದಂತೆ ಕಪ್ಪು ಕಲೆ ಮೂಡುತ್ತದೆ. ತಿಳಿಯದವರು ಅದನ್ನು ನೋಡಿ ಮೋಸ ಹೋಗುತ್ತಾರೆ. ನೀನೂ ಹೋದೆ. ಅದರಲ್ಲಿ ನಾಚಿಕೆಯೇನಿಲ್ಲ.

ಮುಂದಿನ ಸಲ ಬಂದಾಗ ನಿನಗೆ ಒಳ್ಳೆಯ ಶಂಖದ ಪಳೆಯುಳಿಕೆ ತಂದು ತೋರಿಸುತ್ತೇನೆ. ಅಣ್ಣನ, ಅಂದರೆ ನಿನ್ನ ದೊಡ್ಡಮಾಮಾನ, ಬೆಲ್ಲದ ಅಡತಿ ವ್ಯಾಪಾರ ಹೇಗೆ ನಡೆದಿದೆ? ಆಯಿಗೆ ನನ್ನ ಮೇಲೆ ಸಿಟ್ಟು ಬೇಡವೆಂದು ಹೇಳು.

ಕಾಡಸಿದ್ದ


ಗಡಹಿಂಗ್ಲಜ
೨ ಡಿಸೆಂಬರ್ ೧೯೫೮

ತೀರ್ಥರೂಪ ಮಾಮಾನಿಗೆ, ಶರಣು.

ನಾನು ಬರೆದದ್ದು ಗಿಡದ ಜರಿಯಲ್ಲ, ಕಾಲಿನ ಜರಿ, ನೂರು ಕಾಲಿನ ಹುಳ. ಆಯಿ ಕಸಬರಿಗೆಯಿಂದ ಹೊಡೆದಳೆಂದು ಬರೆದಿದ್ದೆನಲ್ಲ, ಗಿಡವನ್ನು ಯಾರಾದರೂ ಹೊಡೆಯುತ್ತಾರೆಯೇ? ತಪ್ಪು ಆ ಮಾತಿನದೂ ಇರಬಹುದು. ಗಿಡಕ್ಕೂ ಅದೇ, ಹುಳಕ್ಕೂ ಅದೇ. ಮಗ್ಗಗಳ ಊರು ಇಚಲಕರಂಜಿಯಲ್ಲಿ ಸಾವಕ್ಕತ್ತೆಯ ಮನೆಯಲ್ಲಿ ಕೇಳಿದರೆ ಜರಿಯೆಂದರೆ ಸೀರೆಯ ಅಂಚು.

ಆದರೆ ಇದು ಕಲೆಯಲ್ಲ. ಕಲೆ ಕಾಲಿಗೆ ತಿಳಿಯುವುದಿಲ್ಲ. ಇದು ತಿಳಿಯುತ್ತದೆ. ಕಣ್ಣು ಮುಚ್ಚಿ ಅಂಗಾಲಿಟ್ಟರೆ ಒಂದೊಂದು ಗೀರೂ ಬೇರೆ ಬೇರೆಯಾಗಿ ಹತ್ತುತ್ತದೆ. ದಿನವೂ ಅದರ ಮೇಲೆ ನಿಂತು ಸ್ನಾನ ಮಾಡುವಾಗ ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು. ಈಗ ಅಭ್ಯಾಸವಾಗಿದೆ.

ನಿನಗೆ ಪುರುಸೊತ್ತಾದಾಗ ಬಂದು ನೋಡು. ಬೆಳಗಿನ ಬಿಸಿಲಿನಲ್ಲಿ ಮಾತ್ರ ಕಾಣುತ್ತದೆ.

ಚನ್ನವ್ವ


ಕೊಲ್ಹಾಪುರ
೧೪ ಫೆಬ್ರವರಿ ೧೯೬೦

ಪ್ರಿಯ ಚನ್ನಾ,

ಬಚ್ಚಲ ಕಲ್ಲು ಇನ್ನೂ ಇದೆಯೇ? ಮೊದಲು ಅದನ್ನು ಬರೆ. ಇಟ್ಟಂಗಿ ಹಾಕಿ ತಿಕ್ಕುವುದನ್ನು ಇವತ್ತೇ ನಿಲ್ಲಿಸಿರಿ.

ಒಂದು ವರ್ಷದ ಹಿಂದೆ ನೀನು ಬರೆದ ಪತ್ರಕ್ಕೆ ಉತ್ತರ ಕೊಡಲಿಲ್ಲ. ಕೆಲಸದ ಗದ್ದಲ. ಈಗ ನಮ್ಮ ವಿಭಾಗದ ಸಾಹೇಬರಿಗೆ ವಿಲಾಯತಿಯಿಂದ ಪತ್ರಿಕೆಗಳು ಬಂದಿವೆ. ಇಂಗ್ಲೆಂಡಿನ ಒಂದು ಕಲ್ಲುಗಣಿಯಲ್ಲಿ ಶಾಲೆಯ ಹುಡುಗರು ಬಂಡೆ ಹತ್ತುವಾಗ ಎಲೆಯಂಥ ಗುರುತು ಕಂಡರಂತೆ. ಯಾವ ಕಲ್ಲಿನಲ್ಲಿ ಜೀವವೇ ಇಲ್ಲವೆಂದು ನಾವು ಪಾಠ ಹೇಳುತ್ತ ಬಂದೆವೋ ಅಂಥ ಕಲ್ಲಿನಲ್ಲಿ! ಆಸ್ಟ್ರೇಲಿಯದ ಗುಡ್ಡಗಳಲ್ಲಿ ಇನ್ನೂ ಬಹಳ ಸಿಕ್ಕಿವೆ. ದುಂಡನೆಯವು, ಗರಿಯಂಥವು, ಹುಳದಂಥವು. ಚಿಪ್ಪಿಲ್ಲ, ಎಲುಬಿಲ್ಲ, ಮೆತ್ತನೆಯ ಮೈ ಅಷ್ಟೇ. ಸಮುದ್ರದ ತಳದ ಮರಳಿನಲ್ಲಿ ಒತ್ತಿದ ಅಚ್ಚು ಉಳಿದುಕೊಂಡಿದೆ. ಗಿಡಗಳಲ್ಲ, ಪ್ರಾಣಿಗಳು. ಕಣ್ಣಿಗೆ ಕಾಣುವಷ್ಟು ದೊಡ್ಡ ಪ್ರಾಣಿಗಳಲ್ಲಿ ಇವೇ ಮೊದಲಿನವು ಎನ್ನುತ್ತಾರೆ.

ನೀನು ಬರೆದಿದ್ದೆಯಲ್ಲ, ಕಾಲಿನ ಜರಿ! ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ದೇಶದಲ್ಲಿ ಇಂಥದು ಈವರೆಗೆ ಯಾರಿಗೂ ಸಿಕ್ಕಿದ್ದು ನಾನು ಕೇಳಿಲ್ಲ. ಯಾರ ಮುಂದೆಯೂ ಆಡಬೇಡ, ಮಾಣಿಕಬಾಯಿಯ ಮುಂದಂತೂ ಬೇಡವೇ ಬೇಡ.

ಇನ್ನೊಂದು ಮಾತು. ಅಣ್ಣನ ಪತ್ರ ಬಂದಿದೆ. ಮುಂದಿನ ಮಾಘದಲ್ಲಿ ನಮ್ಮ ಲಗ್ನ. ನಿನ್ನನ್ನು ಕೇಳಿದ್ದಾನೋ ಇಲ್ಲವೋ, ಕೇಳುವುದಾದರೂ ಏನಿದೆ. ಇನ್ನು ಮೇಲೆ ಪತ್ರದಲ್ಲಿ ಮಾಮಾ ಎಂದು ಬರೆಯಬೇಡ. ತೀರ್ಥರೂಪವಂತೂ ಬೇಡ. ಇಲ್ಲಿ ಜತೆಯ ಮೇಷ್ಟ್ರುಗಳ ಕೈಗೆ ಸಿಕ್ಕರೆ ನಗುತ್ತಾರೆ. 'ನೀನು' ಎನ್ನುವುದನ್ನೂ ಬಿಡಬೇಕಾಗುತ್ತದೆ.

ನಿನ್ನ
ಕಾಡಸಿದ್ದ


ಗಡಹಿಂಗ್ಲಜ
೨೧ ಫೆಬ್ರವರಿ ೧೯೬೦

ಶರಣು.

ಏನೆಂದು ಕರೆಯಬೇಕೆಂದು ತಿಳಿಯದೆ ಮೇಲೆ ಖಾಲಿ ಬಿಟ್ಟಿದ್ದೇನೆ. ಆಯಿಗೂ ತಿಳಿಯಲಿಲ್ಲ. "ನಾ ನಿಮ್ಮ ಮುತ್ಯಾಗ ಒಂದೂ ಪತ್ರ ಬರದಿಲ್ಲವ್ವಾ, ನನಗೇನ್ ಕೇಳತಿ" ಎಂದಳು.

ಕಲ್ಲು ಇದೆ. ನಿಮ್ಮ ಪತ್ರ ಬಂದಾಗಿನಿಂದ ದಿನವೂ ಬಿಸಿಲು ಬರುವ ಹೊತ್ತಿಗೆ ಹೋಗಿ ನೋಡುತ್ತಿದ್ದೇನೆ. ಮೋಡವಿದ್ದ ದಿನ ಕೈಗನ್ನಡಿಯಿಂದ ಬೆಳಕನ್ನು ಓರೆಯಾಗಿ ಬೀಳಿಸಿ ನೋಡಿದೆ.

ಒಂದು ವಿಷಯ ನಾನು ಮೊದಲು ತಪ್ಪಾಗಿ ಬರೆದಿದ್ದೆ. ಅದು ಜರಿಯ ಹಾಗಿಲ್ಲ. ಜರಿಯ ಕಾಲುಗಳು ಎದುರುಬದುರಾಗಿ ಜೋಡಿಜೋಡಿ ಇರುತ್ತವೆ. ಇದರ ಗೀರುಗಳು ಹಾಗಿಲ್ಲ. ಎಡದ ಒಂದು ಗೀರು ನಡುಗೆರೆಗೆ ಮುಟ್ಟಿದ ಮೇಲೆ, ಅದಕ್ಕೂ ಮುಂದಿನದಕ್ಕೂ ನಡುವಿನ ಸಂದಿಯಲ್ಲಿ ಬಲದ ಗೀರು ಬಂದು ಸೇರುತ್ತದೆ. ಮತ್ತೆ ಎಡ, ಮತ್ತೆ ಬಲ. ಹೆಣೆದ ಹೆರಳಿನ ಹಾಗೆ. ಅಂಗಾಲಿಗೂ ಹಾಗೆಯೇ ತಿಳಿಯುತ್ತದೆ. ಹೀಗೆ ಸಾಲು ತಪ್ಪಿಸಿ ಮೈ ಮಾಡಿಕೊಂಡ ಯಾವ ಹುಳವನ್ನೂ ನಾನು ಕಂಡಿಲ್ಲ. ನೀವು ಕಂಡಿದ್ದೀರಾ?

ತಲೆ ಯಾವ ಕಡೆ ಎಂದು ಹುಡುಕಿದೆ. ಎರಡೂ ತುದಿ ಸುಮ್ಮನೆ ಸಣ್ಣದಾಗಿ ಕಲ್ಲಿನಲ್ಲಿ ಕರಗಿಹೋಗುತ್ತವೆ. ಬಾಯಿ ಇಲ್ಲ. ಕಣ್ಣಿಲ್ಲ, ಹೊಟ್ಟೆಯ ಗುರುತೂ ಇಲ್ಲ.

ಇದನ್ನು ಬರೆಯಬೇಕೋ ಬೇಡವೋ ಗೊತ್ತಿಲ್ಲ. ನನಗೆ ಹೇಸಿಗೆ ತರುವುದೆಲ್ಲ ಬಾಯಿಯಿಂದ ಶುರುವಾಗುತ್ತದೆ. ಅಗಿಯುವುದು, ಜೊಲ್ಲು, ತೇಗು, ಎಲೆಯಡಿಕೆಯ ಉಗುಳು. ದೊಡ್ಡಮಾಮಾ ಊಟಕ್ಕೆ ಕೂತರೆ ನಾನು ಬಡಿಸಿ ಒಳಗೆ ಬಂದುಬಿಡುತ್ತೇನೆ. ಮೊದಲ ಪ್ರಾಣಿಗೆ ಬಾಯಿಯೇ ಇರಲಿಲ್ಲ, ಅದು ಯಾರನ್ನೂ ತಿನ್ನದೆ ಸಮುದ್ರದ ತಳದಲ್ಲಿ ಹೆರಳಿನ ಹಾಗೆ ಮಲಗಿತ್ತು ಎಂದುಕೊಂಡರೆ ಮನಸ್ಸಿಗೆ ಹಿತವಾಗುತ್ತದೆ. ಬಚ್ಚಲಿನಲ್ಲಿ ಹೇಸಿಗೆ ಹುಟ್ಟಿಸದ ವಸ್ತು ಅದೊಂದೇ.

ಆಯಿಗೆ ಇದನ್ನು ಹೇಳಿದೆ. "ಬಾಯಿಲ್ಲದ್ದು ಏನ್ ತಿಂತಿತ್ತವ್ವಾ?" ಎಂದಳು. ಗೊತ್ತಿಲ್ಲ ಎಂದೆ. "ಹಂಗಾರ ಅದು ಒಳ್ಳೆ ಸೊಸಿ" ಎಂದಳು.

ಲಗ್ನದ ವಿಷಯ ದೊಡ್ಡಮಾಮಾ ನನಗೆ ಹೇಳಿರಲಿಲ್ಲ. ನಿಮ್ಮ ಪತ್ರದಿಂದಲೇ ತಿಳಿಯಿತು.

ಚನ್ನವ್ವ


ಗಡಹಿಂಗ್ಲಜ
೩ ಏಪ್ರಿಲ್ ೧೯೬೦

ಶರಣು.

ನೀವು ಕಲ್ಲು ಕಿತ್ತುಕೊಂಡು ಹೋದ ಮೇಲೆ ಬಚ್ಚಲಿನಲ್ಲಿ ಒಂದು ಗುಂಡಿ ಉಳಿದಿದೆ. ಅದರಲ್ಲಿ ಹಳೆಯ ಕೊಳೆನೀರು ನಿಂತು ನಾರುತ್ತಿದೆ. ಆಯಿ ಹಿತ್ತಲಿನಲ್ಲಿ ಸೀರೆ ಕಟ್ಟಿ ಮರೆ ಮಾಡಿಕೊಂಡು ಸ್ನಾನ ಮಾಡುತ್ತಾಳೆ. ದೊಡ್ಡಮಾಮಾ ಶಹಾಬಾದಿ ಕಲ್ಲು ತರಿಸುವುದಾಗಿ ಹೇಳಿದ್ದಾರೆ.

ಆ ದಿನ ನಾನು ಅಡುಗೆಮನೆಯ ಬಾಗಿಲ ಹಿಂದೆ ಇದ್ದೆ. ನಿಮಗೆ ಕಾಣಲಿಲ್ಲವೆಂದು ಬರೆಯುತ್ತಿದ್ದೇನೆ.

ಅಷ್ಟು ಸಣ್ಣ ಬಚ್ಚಲಿನಲ್ಲಿ ಅಷ್ಟು ಮಂದಿ ಗಂಡಸರು ಹೇಗೆ ಹಿಡಿಸಿದರೋ! ಬೂಟು ಬಿಡಲಿಲ್ಲ. ಹಾರೆ ಹಿಡಿದು ಬಂದವರು ಮೋರಿಗೆ ತಂಬಾಕು ಉಗುಳಿದರು, ಅದು ಹರಿದು ಹೋಗದೆ ಅಲ್ಲೇ ಉಳಿಯಿತು. ನಿಮ್ಮ ಸಾಹೇಬರು ಹಂಡೆಯ ಮುಚ್ಚಳದ ಮೇಲೆ ಸಿಗರೇಟಿನ ಬೂದಿ ಕೆಡವಿದರು. ಹಗ್ಗದ ಮೇಲೆ ಸೀರೆಯೊಂದಿಗೆ ತೊಡುವ ನನ್ನ ಪೋಲಕ ಒಣಗುತ್ತಿತ್ತು. ಬೆಳಗಿನಿಂದ ಗಡಿಬಿಡಿಯಲ್ಲಿ ತೆಗೆಯಲು ಮರೆತಿದ್ದೆ. ಯಾರೋ ಅದನ್ನು ಅಳತೆಕೋಲಿನ ತುದಿಯಿಂದ ಎತ್ತಿ ಅತ್ತ ಸರಿಸಿದರು. ಎಲ್ಲರೂ ನಕ್ಕರು. ನೀವೂ ನಕ್ಕಿರಿ.

ಫೋಟೋ ತೆಗೆಯುವ ಅಭಯಕುಮಾರರು ಬೆಳಕು ಸಾಲದು, ಏನೂ ಕಾಣುವುದಿಲ್ಲ ಎಂದು ಗೊಣಗುತ್ತಿದ್ದರು. ಹೊರಗೆ ಬಂದು ಕೈಗನ್ನಡಿ ಕೊಡಬೇಕೆನಿಸಿತು. ಪೋಲಕ ನೋಡಿ ನಕ್ಕವರ ಮುಂದೆ ಬರಲಾಗಲಿಲ್ಲ.

ಆಮೇಲೆ ಸಾಹೇಬರು ಮರಾಠಿಯಲ್ಲಿ, ಇದು ಮೊದಲು ಯಾರ ಕಣ್ಣಿಗೆ ಬಿತ್ತು ಎಂದು ಕೇಳಿದರು. "ಮಾಝ್ಯಾಚ, ಸರ್" ಎಂದಿರಿ. ನನ್ನ ಕಣ್ಣಿಗೇ, ಸಣ್ಣವನಿದ್ದಾಗಿನಿಂದ ನೋಡುತ್ತ ಬಂದಿದ್ದೇನೆ ಎಂದಿರಿ. ಆಯಿ ಕಟ್ಟೆಯ ಮೇಲಿಂದಲೇ ಒದರಿದಳು: "ಸುಳ್ಳ ಬೊಗಳಬ್ಯಾಡೋ ಕಾಡ್ಯಾ! ನೀ ಕಣ್ಣ ಮುಚ್ಚಿಕೊಂಡು ಒದರಾಂವ. ಕಂಡಾಕಿ ಚನ್ನಿ!" ಸಾಹೇಬರಿಗೆ ಕನ್ನಡ ತಿಳಿಯುವುದಿಲ್ಲ. ಆಯಿ ಏನೆನ್ನುತ್ತಾರೆ ಎಂದು ಕೇಳಿದರು. ಕಲ್ಲು ಜೋಪಾನವಾಗಿ ಒಯ್ಯಿರಿ ಎನ್ನುತ್ತಾಳೆ ಎಂದು ನೀವು ಹೇಳಿದಿರಿ. ಸಾಹೇಬರು ಆಯಿಗೆ ಕೈಮುಗಿದರು.

ನೀವೆಲ್ಲ ಹೋದ ಮೇಲೆ ಆಯಿ, "ಸತ್ತ ಜರಿ ಹೊರಾಕ ಇಷ್ಟ ಮಂದಿ ಬಂದಾರ. ನಾ ಸತ್ರ ನಾಕ ಮಂದಿ ಬಂದಾರೇನ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಬಚ್ಚಲು ತೊಳೆದೆ. ಎಷ್ಟು ನೀರು ಹಾಕಿದರೂ ತಂಬಾಕಿನ ವಾಸನೆ ಹೋಗಲಿಲ್ಲ.

ಚನ್ನವ್ವ


ಕೊಲ್ಹಾಪುರ
೩೦ ಏಪ್ರಿಲ್ ೧೯೬೦

ಪ್ರಿಯ ಚನ್ನಾ,

ನಿನ್ನ ಪತ್ರ ಓದಿ ಅರ್ಥವಾಯಿತು. ಹೆಂಗಸರ ಬಚ್ಚಲಿಗೆ ಪರಗಂಡಸರು ಬಂದದ್ದು ನಿನ್ನಂಥ ನಾಚಿಕೆಯ ಹುಡುಗಿಗೆ ಕಷ್ಟವಾಗಿರಬೇಕು. ಅದಕ್ಕೊಂದು ದಾರಿ ಮಾಡಿದ್ದೇನೆ. ಸಾಹೇಬರ ಮನಸ್ಸೂ ಅದೇ ಆಗಿತ್ತು. ನಾವು ಬರೆಯುವ ಪ್ರಬಂಧದಲ್ಲಿ ಕಲ್ಲು ಹಿರಣ್ಯಕೇಶಿ ಹೊಳೆಯ ಪಾತ್ರದಲ್ಲಿ ನನಗೆ ಸಿಕ್ಕಿತೆಂದು ಹಾಕುತ್ತಿದ್ದೇವೆ. ಬಚ್ಚಲಿನ ಹೆಸರೇ ಬರುವುದಿಲ್ಲ. ನಿನ್ನ ಮರ್ಯಾದೆಗೂ ಒಳ್ಳೆಯದು, ಕಲ್ಲಿನ ಮರ್ಯಾದೆಗೂ ಒಳ್ಳೆಯದು.

ಅಭಯಕುಮಾರ ಬಚ್ಚಲಿನಲ್ಲಿ ತೆಗೆದ ಫೋಟೋಗಳಲ್ಲಿ ಏನೂ ಸ್ಪಷ್ಟವಿಲ್ಲ. ಕಲ್ಲನ್ನು ನಾನೇ ದಿನವೂ ಸಂಜೆ ಕೂತು ಸ್ವಚ್ಛ ಮಾಡುತ್ತಿದ್ದೇನೆ. ಎಷ್ಟೋ ವರ್ಷಗಳ ಸೀಗೆಕಾಯಿ, ಸುಣ್ಣ ಗೀರುಗಳಲ್ಲಿ ಕೂತಿವೆ. ಆಸ್ಟ್ರೇಲಿಯದ ಹುಳದ ಚಿತ್ರ ಎದುರಿಗಿಟ್ಟುಕೊಂಡಿದ್ದೇನೆ. ಬಿಡಿಸಿದಷ್ಟೂ ಜರಿ ಜರಿಯಾಗಿ ಕಾಣತೊಡಗಿದೆ. ಹೆರಳು ಗಿರಳು ಎಂದು ನೀನು ಬರೆದದ್ದು ನೀರು ಹರಿದು ಸವೆದದ್ದರಿಂದ ಆದ ಭ್ರಮೆ. ಸಾಹೇಬರು ಜನವರಿಯ ವಿಜ್ಞಾನ ಪರಿಷತ್ತಿನಲ್ಲಿ ಪ್ರಬಂಧ ಓದುತ್ತಾರೆ, ಕೆಳಗೆ ನನ್ನ ಹೆಸರೂ ಇರುತ್ತದೆ.

ನಿನಗೂ ಒಂದು ಕೆಲಸವಿದೆ. ಮೊದಲ ಪ್ರಾಣಿಗಳ ಮೇಲೆ ಸಾಮಾನ್ಯರಿಗೆ ತಿಳಿಯುವಂತೆ ಒಂದು ಚಂದದ ಲೇಖನ ಬರೆ. ಹೊಳೆಯಲ್ಲಿ ನನಗೆ ಅದು ಕಂಡ ಬೆಳಗನ್ನು ವರ್ಣಿಸಿ ಶುರು ಮಾಡು. ಅಂಥದು ನಿನಗೆ ಚೆನ್ನಾಗಿ ಬರುತ್ತದೆ. ದೀಪಾವಳಿ ಸಂಚಿಕೆಯೊಂದಕ್ಕೆ ನನ್ನ ಹೆಸರಿನಲ್ಲಿ ಕೊಡುತ್ತೇನೆ. ಇನ್ನು ನಿನ್ನದು ನನ್ನದು ಎಂದು ಬೇರೆ ಏನಿದೆ?

ನಿನ್ನ
ಕಾಡಸಿದ್ದ


ಕೊಲ್ಹಾಪುರ
೧೮ ಸೆಪ್ಟೆಂಬರ್ ೧೯೬೦

ಪ್ರಿಯ ಚನ್ನಾ,

ಏಪ್ರಿಲ್ ನಂತರ ನಿನ್ನಿಂದ ಒಂದು ಸಾಲೂ ಇಲ್ಲ. ಲಗ್ನ ಹತ್ತಿರ ಬಂದ ಹುಡುಗಿ, ನಾಚಿಕೆ ಸಹಜವೆಂದು ನಾನೂ ಒತ್ತಾಯ ಮಾಡಲಿಲ್ಲ. ಸಾಹೇಬರ ಹೆಂಡತಿಗೆ ಹೇಳಿದೆ, ಅವರೂ ಹಾಗೆಯೇ ಎಂದರು. ಮಾತು ಕಡಿಮೆಯ ಹುಡುಗಿ ಸಿಕ್ಕಿದ್ದಾಳೆ, ಪುಣ್ಯವಂತ ಎಂದರು.

ಲೇಖನ ಬೇಗ ಕಳಿಸು. ಹೊಸ ಫೋಟೋ ಇದರೊಂದಿಗೆ ಇದೆ. ಹೇಗೆ ಬಂದಿದೆ ನೋಡು! ಡಿಸೆಂಬರಿನಲ್ಲಿ ಸೀರೆ ತೆಗೆಯಲು ಅಣ್ಣ ನಿಮ್ಮನ್ನೆಲ್ಲ ಕರೆತರುತ್ತಾನಂತೆ. ಆಗ ಕಾಲೇಜಿಗೆ ಕರೆದೊಯ್ದು ಕಲ್ಲನ್ನೇ ತೋರಿಸುತ್ತೇನೆ.

ನಿನ್ನ
ಕಾಡಸಿದ್ದ


ಗಡಹಿಂಗ್ಲಜ
೧೧ ಡಿಸೆಂಬರ್ ೧೯೬೦

ತೀರ್ಥರೂಪ ಮಾಮಾನಿಗೆ,
ಚನ್ನಿಯ ಶರಣು.

ಇವತ್ತು ಬೆಳಿಗ್ಗೆ ಬಚ್ಚಲಿನಲ್ಲಿ ನಿಜವಾದ ಜರಿ ಬಂದಿತ್ತು. ಶಹಾಬಾದಿ ಕಲ್ಲಿನ ಸಂದಿಯಿಂದ ಹೊರಗೆ ಬಂದು, ಬಿಸಿಲು ಬೀಳುವ ಜಾಗದಲ್ಲಿ ಒದ್ದೆ ಮೈ ಕಾಯಿಸಿಕೊಂಡು, ಮೋರಿಯ ಕಡೆ ಹೋಯಿತು. ನಾನು ಕೂಗಲಿಲ್ಲ. ಕಾಲುಗಳು ಎದುರುಬದುರಾಗಿ ಇದ್ದದ್ದನ್ನು ನೋಡುತ್ತ ನಿಂತೆ. ನನಗೆ ಹೇಸಿಗೆ ಬರಲಿಲ್ಲ. ಇದ್ದದ್ದೆಲ್ಲ ಬೇರೆ ಕಡೆ ಖರ್ಚಾಗಿತ್ತು.

ನೀನು ಕಳಿಸಿದ ಫೋಟೋ ನೋಡಿದಾಗಲೇ ಸಂಶಯ ಬಂದಿತ್ತು. ಫೋಟೋ ನೋಡಿ ಮನುಷ್ಯನನ್ನು ಅಳೆಯಬಾರದೆಂದು ಸುಮ್ಮನಿದ್ದೆ. ಮೊನ್ನೆ ಸೀರೆಗೆಂದು ಕೊಲ್ಹಾಪುರಕ್ಕೆ ಬಂದಾಗ ನೀನು ಕಲ್ಲಿನ ಮೇಲಿನ ಬಟ್ಟೆ ತೆಗೆದೆ. ಗೀರುಗಳೆಲ್ಲ ಎದುರುಬದುರು. ಎಡಕ್ಕೊಂದು, ಬಲಕ್ಕೊಂದು, ಜೋಡಿಜೋಡಿ. ಮೇಲಿನ ತುದಿಯಲ್ಲಿ ಒಂದು ತಲೆ. ತಲೆಯಲ್ಲಿ ಒಂದು ಬಾಯಿ.

"ಇದಕ್ಕ ಬಾಯಿ ಎಲ್ಲಿಂದ ಬಂತು?" ಎಂದು ಕೇಳಿದೆ. ನೀನು ಭಡಂಗ ಚುರುಮುರಿ ತಿನ್ನುತ್ತಿದ್ದೆ. ಆ ಎಣ್ಣೆಗೈಯಿಂದಲೇ ಬಾಯಿಯನ್ನು ಮುಟ್ಟಿ ತೋರಿಸುತ್ತ, "ಮೊದಲ ಇತ್ತು. ಮಣ್ಣ ತುಂಬಿ ಮುಚ್ಚಿತ್ತು, ಸೂಜಿಲೆ ಬಿಡಿಸೇನಿ" ಎಂದೆ.

"ಮತ್ತ ಗೀರು? ಅವು ಹೆರಳಿನ ಹಂಗ ಇದ್ದವು."

"ಹುಳ ಅಂದಮ್ಯಾಲ ಜೋಡಿ ಇರಾಕಬೇಕು. ಅದು ಪ್ರಾಣಿಶಾಸ್ತ್ರ. ನೀ ಸಾಹಿತ್ಯದಾಕಿ, ನಿನಗೇನ್ ತಿಳೀತೈತಿ? ಜರಿ ಅಂತ ನೀನ ಬರದಿದ್ದಿ, ಮರತೇನ?"

ಆಯಿ ಕಣ್ಣು ಸಣ್ಣದು ಮಾಡಿ ಬಗ್ಗಿ ನೋಡಿದಳು. "ಕಾಡ್ಯಾ, ಇದು ನಮ್ಮ ಮನೀದಲ್ಲೋ. ನಮ್ಮದು ಹಿಂಗ ಬಾಯಿ ತಕ್ಕೊಂಡು ನೋಡತಿರಲಿಲ್ಲ" ಎಂದಳು. ದೊಡ್ಡಮಾಮಾ ಗೊಳ್ಳೆಂದು ನಕ್ಕರು. ನೀನೂ ನಕ್ಕೆ, ಬಾಯೊಳಗಿನ ಚುರುಮುರಿ ಕಲ್ಲಿನ ಮೇಲೆ ಸಿಡಿಯಿತು.

ನೀವೆಲ್ಲ ಚಹಾಕ್ಕೆಂದು ಆ ಕಡೆ ತಿರುಗಿದಾಗ ನಾನು ಅಂಗೈಯಿಟ್ಟು ನೋಡಿದೆ. ಅಂಗಾಲಿಗೆ ಗೊತ್ತಿದ್ದದ್ದು ಅಂಗೈಗೂ ಗೊತ್ತಾಗುತ್ತದೆ. ಹಳೆಯ ಗೀರಿನ ಅಂಚು ನುಣುಪು, ಬಣ್ಣ ಕಂದು. ನೀನು ಕೊರೆದದ್ದು ಚುಚ್ಚುತ್ತದೆ, ಒಳಗೆ ಬಿಳಿ. ಎರಡು ಗೀರುಗಳ ನಡುವೆ ಎಲ್ಲಿ ಸಂದಿ ಇತ್ತೋ ಅಲ್ಲೆಲ್ಲ ನಿನ್ನ ಗೀರು ಬಂದಿದೆ, ಜೋಡಿಗೆ ಕೂಡದ ಹಳೆಯ ಗೀರನ್ನು ಉಜ್ಜಿ ಅಳಿಸಿದ್ದೀ. ಆಯಿಯ ಇಟ್ಟಂಗಿಗೂ ಅಳಿಯದೆ ಉಳಿದಿದ್ದ ಹೆರಳು ಒಂದು ಬೇಸಿಗೆಯಲ್ಲಿ ಹೋಯಿತು. ನೀನು ಬಾಗಿಲಿನಿಂದ ನೋಡಿದೆ. ಹತ್ತಿರ ಬಂದು ಮೆಲ್ಲಗೆ, "ಯಾರ ಮುಂದೂ ಅನಬ್ಯಾಡ. ಇನ್ನ ನೀ ನನ್ನ ಮನೀ ಮನಿಷಿ" ಎಂದೆ. ಬಾಯಿಂದ ಬೆಳ್ಳುಳ್ಳಿಯ ವಾಸನೆ ಬಂತು.

ಸಂಕೇಶ್ವರ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿದೆ. ದೊಡ್ಡಮಾಮಾ, "ಬಸ್ಸು ಆಗಾಂಗಿಲ್ಲ ಇಕೀಗೆ" ಎಂದರು. ತೊಡೆಯ ಮೇಲೆ ಹೊಸ ಸೀರೆಗಳ ಗಂಟು ಇತ್ತು. ಅಂಚಿನ ಜರಿ ಕೈಗೆ ಹತ್ತುತ್ತಿತ್ತು.

ಎಲ್ಲವನ್ನೂ ಯೋಚಿಸಿ ನೋಡಿದೆ. ನನ್ನ ಹೆಸರು ಹಾಕದಿದ್ದರೆ ನನಗೇನೂ ಕೊರತೆಯಿಲ್ಲ, ಕಲ್ಲು ನಾನು ಮಾಡಿದ್ದಲ್ಲ. ಪೋಲಕ ನೋಡಿ ನಕ್ಕದ್ದನ್ನು ಮರೆಯಲು ಪ್ರಯತ್ನಿಸಿದ್ದೆ. ಹೊಳೆಯಲ್ಲಿ ಸಿಕ್ಕಿತೆಂದು ನೀನು ಬರೆದದ್ದನ್ನು ಮಾತ್ರ ಹೊಳೆಗೆ ಹೋಗಿ ಬಂದಾಗಲೆಲ್ಲ ನೆನೆಯುತ್ತೇನೆ. ಹಿರಣ್ಯಕೇಶಿಯ ಕಲ್ಲೆಲ್ಲ ಕಪ್ಪು, ಗೋಕಾಕದ ಕಲ್ಲು ಕೆಂಪು. ಬಟ್ಟೆ ಒಗೆಯುವ ಹೆಂಗಸರಿಗೂ ಗೊತ್ತಿರುವ ಮಾತು. ನಾಳೆ ನಿನ್ನ ಪ್ರಬಂಧ ನಂಬಿ ಯಾರೋ ದೂರದಿಂದ ಬಂದು ಆ ಕಪ್ಪು ಕಲ್ಲುಗಳಲ್ಲಿ ಹುಡುಕುತ್ತ ಮೊಣಕಾಲು ನೀರಿನಲ್ಲಿ ನಿಲ್ಲುತ್ತಾರೆ.

ಆದರೆ ನನಗೆ ಅನ್ನ ಸೇರದಂತೆ ಮಾಡಿದ್ದು ಬಾಯಿ. ಎಷ್ಟೋ ಕಾಲ ಬಾಯಿಲ್ಲದೆ ಮಲಗಿದ್ದದ್ದಕ್ಕೆ ನೀನು ಬಾಯಿ ಕೊಟ್ಟೆ, ಅದರಿಂದ ನಿನ್ನ ಮಾತನ್ನು ಆಡಿಸಿದೆ. ನಿನಗೆ ಗೊತ್ತಿರುವ ಆಕಾರಕ್ಕೆ ಬರುವವರೆಗೆ ಅದನ್ನು ಕೆತ್ತಿದೆ. ಮಾತು ಕಡಿಮೆಯ ಹುಡುಗಿ ಸಿಕ್ಕಿದ್ದಾಳೆಂದು ನೀನು ಬರೆದ ಪತ್ರ ಮತ್ತೊಮ್ಮೆ ತೆಗೆದು ಓದಿದೆ.

ಸಾಹೇಬರಿಗೆ ನಾನು ಏನೂ ಬರೆಯುವುದಿಲ್ಲ. ಕೆತ್ತಿದ್ದನ್ನು ಹೇಳುವುದು ನಿನ್ನ ಕೆಲಸ. ಪರಿಷತ್ತಿಗೆ ಇನ್ನೂ ದಿನಗಳಿವೆ. ಲೇಖನ ಬರೆದಿಲ್ಲ, ಬರೆಯುವುದಿಲ್ಲ.

ಇಚಲಕರಂಜಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಬಾಯಿಯೊಬ್ಬರು ಹೆರಿಗೆಗೆ ರಜೆ ಹೋಗಿದ್ದಾರಂತೆ, ಸಾವಕ್ಕತ್ತೆ ಬೇಸಿಗೆಯಲ್ಲಿಯೇ ನನಗಾಗಿ ಅಲ್ಲಿ ಮಾತಾಡಿಟ್ಟಿದ್ದಳು. ಇದನ್ನು ನಿನಗೆ ಬರೆದಿರಲಿಲ್ಲ. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ದೊಡ್ಡಮಾಮಾ, ಲಗ್ನದವರೆಗೆ ಬೇಜಾರು ಕಳೆಯಲು ಹೋಗುತ್ತಾಳೆ ಎಂದುಕೊಂಡಿದ್ದಾರೆ. ಸೀರೆಗಳ ಗಂಟು ಬಿಚ್ಚಿಲ್ಲ, ಅವರ ಕೋಣೆಯಲ್ಲಿ ಇಟ್ಟಿದ್ದೇನೆ.

ಆಯಿ ಎದುರಿಗೆ ಕೂತಿದ್ದಾಳೆ. ಆಗಲೇ "ಮ್ಯಾಲೆ ಏನಂತ ಬರದಿ?" ಎಂದು ಕೇಳಿದಳು. "ತೀರ್ಥರೂಪ ಮಾಮಾನಿಗೆ ಅಂತ" ಎಂದೆ. ನೀನು ಅವಳ ಮಗ. ಆದರೂ ಎದ್ದುಹೋಗಿ ನಾಳೆಯ ಬುತ್ತಿಗೆಂದು ಜೋಳದ ಹಿಟ್ಟು ತೆಗೆದಳು.

ಮರೆತು ಬರೆದದ್ದಲ್ಲ. ಇನ್ನು ಮುಂದೆ ನಾನು ನಿನಗೆ ಬರೆಯುವ ಎಲ್ಲ ಪತ್ರಗಳೂ ಹೀಗೆಯೇ ಶುರುವಾಗುತ್ತವೆ, ಮಾಮಾ.

ನಿನ್ನ ಅಕ್ಕನ ಮಗಳು,
ಚನ್ನವ್ವ